ಮೋರಿಗೆ ಹೋದ ಹಳದಿ ನೀರು

ಆ ಕಳ್ಳನನ್ನು ಮರೆತಿದ್ದೇನೆ. ನಮ್ಮ ವಿಜ್ಞಾನದ ಮೇಷ್ಟ್ರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕ. ಹೊಸ ತಿಪ್ಪಸಂದ್ರದಲ್ಲಿದ್ದೆವು, ನಾನು ಹತ್ತನೇ ಕ್ಲಾಸು. ಚಿನ್ನಕ್ಕೆ ಪಾಲಿಶ್ ಹಾಕುತ್ತೇನೆಂದು ಬಾಗಿಲಿಗೆ ಬಂದವನೊಬ್ಬ ಅಮ್ಮನ ಸರವನ್ನು ಆಸಿಡ್ ತುಂಬಿದ ಬಟ್ಟಲಿನಲ್ಲಿ ಅದ್ದಿದ. ಸರ ನೂಲಿನಷ್ಟು ಸಣ್ಣಗಾದದ್ದನ್ನು ಕಂಡು ಅಮ್ಮ ಕೂಗಿಕೊಂಡಾಗ, ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದ.

"ಚಿನ್ನ ಎಲ್ಲಾ ನೀರಾಗೋಯ್ತಲ್ಲೇ," ಎಂದು ಅಳುತ್ತಾ ಅಮ್ಮ ಉಳಿದ ಸರವನ್ನು ಇಕ್ಕಳದಲ್ಲಿ ಎತ್ತಿಕೊಂಡು, ಬಟ್ಟಲಿನ ಹಳದಿ ನೀರನ್ನು ಮೋರಿಗೆ ಸುರಿದಳು.

ಚಿನ್ನ ಆ ನೀರಿನಲ್ಲೇ ಇತ್ತು; ಅಕ್ಕಸಾಲಿಗನಿಗೆ ಕೊಟ್ಟಿದ್ದರೆ ಮತ್ತೆ ತೆಗೆದುಕೊಡುತ್ತಿದ್ದ. ಆಸಿಡ್ ಕಿತ್ತುಕೊಂಡದ್ದು ಬರೀ ಎಲೆಕ್ಟ್ರಾನುಗಳನ್ನು. ಎಲೆಕ್ಟ್ರಾನು ಹೋದರೂ, ನ್ಯೂಟ್ರಾನು ಹೆಚ್ಚುಕಡಿಮೆಯಾದರೂ ಧಾತು ಬದಲಾಗುವುದಿಲ್ಲ. ಎಪ್ಪತ್ತೊಂಬತ್ತು ಪ್ರೋಟಾನು ಇರುವ ತನಕ ಚಿನ್ನ ಚಿನ್ನವೇ. ಇದನ್ನು ನಾನು ಆ ವಾರವೇ ಟೆಸ್ಟಿನಲ್ಲಿ ಬರೆದಿದ್ದೆ. ಮೇಷ್ಟ್ರು ನೋಟ್ಸ್ ಹೇಳಿ ಬರೆಸುತ್ತಿದ್ದರು, ನಾವು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದೆವು. ಪ್ರಶ್ನೆ ಕೇಳಿದವರಿಗೆ, "ಅಧಿಕಪ್ರಸಂಗ ಬೇಡ, ಬರ್ಕೋ," ಎನ್ನುತ್ತಿದ್ದರು.

ಆ ಉತ್ತರಕ್ಕೆ ನನಗೆ ಪೂರ್ತಿ ಮಾರ್ಕ್ಸ್ ಬಂದಿತ್ತು. ಆದರೂ ಅವತ್ತು ಮೋರಿಗೆ ಇನ್ನೆರಡು ಚೊಂಬು ನೀರು ಹೊಯ್ದು ಚೆನ್ನಾಗಿ ತೊಳೆದವಳು ನಾನೇ.