ಹನ್ನೆರಡಕ್ಕೆ ಮುಂಚಿನ ಊಟ

ಚೆನ್ನೈನ ತ್ರಿಪ್ಲಿಕೇನಿನ ಈ ಮೆಸ್ಸಿನಲ್ಲಿ ಊಟ ಹನ್ನೊಂದಕ್ಕೇ ಶುರು. ಇಷ್ಟು ಬೇಗ ಯಾಕೆಂದು ಕೇಳಿದ್ದಕ್ಕೆ ಕುಂದಾಪುರ ಕಡೆಯ ಒಡತಿ ಜಲಜಕ್ಕ ಎದುರಿನ ಮದ್ಯದಂಗಡಿಯ ಮುಚ್ಚಿದ ಶಟರ್ ತೋರಿಸಿದರು.

“ಅದು ತೆಗೆಯುದು ಹನ್ನೆರಡಕ್ಕೆ. ನಮ್ಮ ಯಜಮಾನ್ರು ಖಾಲಿ ಹೊಟ್ಟೆಗೆ ಕುಡಿದು ಆ ಮೆಟ್ಟಿಲ ಮೇಲೇ ಬಿದ್ರು. ಮತ್ತೆ ಏಳ್ಲಿಲ್ಲ.”

“ಊಟ ಮಾಡಿದರೆ ಏರುವುದಿಲ್ಲವೇ?” ಎಂದೆ.

“ಏರ್ತದೆ. ಹೊಟ್ಟೆಯಲ್ಲಿ ಅನ್ನ ಇದ್ರೆ ನಿಧಾನಕ್ಕೆ ಏರ್ತದೆ, ಅಷ್ಟೇ.”

ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ ಪೇಂಟರ್ ಒಬ್ಬನ ಕಣ್ಣು ಗಡಿಯಾರದ ಮೇಲಿತ್ತು. ಹನ್ನೆರಡಕ್ಕೆ ಶಟರ್ ಸದ್ದು ಮಾಡುತ್ತ ಮೇಲೆ ಹೋಯಿತು. ಅವನು ಏಳಹೊರಟ. ಜಲಜಕ್ಕ ಸೌಟು ಹಿಡಿದು ಓಡಿಬಂದರು. “ಪೋದುಂ ಅಕ್ಕಾ”, ಸಾಕು ಎಂದು ಅವನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಮೊಸರನ್ನ ಎಲೆಗೆ ಬಿದ್ದಾಗಿತ್ತು. ಬಡಿಸಿದ್ದನ್ನು ಬಿಟ್ಟು ಏಳುವುದಕ್ಕೆ ಅವನಿಗೂ ಮನಸ್ಸು ಬರಲಿಲ್ಲ. ಮತ್ತೆ ಕೂತ.