ಕೀಲಿ ಹಾಕಿದ ಸಂಡಾಸ

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊತ್ತವನು ನಾನು. ಆ ಬೆನ್ನಿನ ದುಡಿಮೆಯಲ್ಲೇ ಮನೆ ಕಟ್ಟಿಸಿದೆ. ಪಡಸಾಲೆಯ ಪಕ್ಕದಲ್ಲಿ ಗುಲಾಬಿ ಟೈಲ್ಸಿನ ಸಂಡಾಸ. ಬೀಗರೋ ದಲಾಲರೋ ಬಂದಾಗ ಮಾತ್ರ ಅದರ ಕೀಲಿ ತೆಗೆಯುವುದು. ಮನೆಮಂದಿಗೆ ಹಿತ್ತಲಲ್ಲಿ ಹಳೆಯ ತಗಡಿನದು ಇತ್ತು. ನಮ್ಮ ಓಣಿಯಲ್ಲಿ ಹೊಸ ಮನೆ ಕಟ್ಟಿಸಿದವರೆಲ್ಲರ ಪದ್ಧತಿಯೂ ಇದೇ: ಚಲೋದು ಬಂದವರಿಗೆ, ಉಳಿದದ್ದು ಇದ್ದವರಿಗೆ.

ಎಂಟು ವರ್ಷದ ಮಗಳು ಇನ್ನೂ ಹಾಸಿಗೆ ತೋಯಿಸುತ್ತಿದ್ದಳು. ಶಾಲೆಯ ಸೂಟಿಯಲ್ಲಿ ಹಾವೇರಿಗೆ, ನನ್ನ ತಂಗಿಯ ಮನೆಗೆ ಹೋಗಿ ಇರಬೇಕೆಂದು ಅವಳಿಗೆ ಬಹಳ ಆಸೆ.

"ಅಲ್ಲಿ ಹೋಗಿ ನನ್ನ ಮರ್ಯಾದಿ ತೋಯಿಸ್ತಿ ಏನು? ಮೊದಲ ಇದು ನಿಲ್ಲಲಿ" ಎಂದೆ. ಅವಳು ಗೋಡೆಗೆ ಮುಖ ಮಾಡಿ ಕೂತಳು.

ಮದ್ದು ಹೇಳುವವರಿಗೆ ಓಣಿಯಲ್ಲಿ ಕೊರತೆಯೇ? ಒಬ್ಬರು ಎಳ್ಳುಂಡೆ ತಿನ್ನಿಸಿದರು, ಇನ್ನೊಬ್ಬರು ತಾಯತ ಕಟ್ಟಿಸಿದರು. ನಾನು ಮಧ್ಯಾಹ್ನದಿಂದಲೇ ಅವಳಿಗೆ ಕುಡಿಯುವ ನೀರು ಬಂದ್ ಮಾಡಿದೆ. ಪೇಟೆಯ ಹಮಾಲರೆಲ್ಲ ನನ್ನ ಮಾತು ಕೇಳುತ್ತಾರೆ, ಹಾಸಿಗೆ ಕೇಳಲಿಲ್ಲ.

ಕಡೆಗೆ ಹೆಂಡತಿಯ ಹಟಕ್ಕೆ ಮೂವರೂ ರಾಣೆಬೆನ್ನೂರಿನ ಮಕ್ಕಳ ಡಾಕ್ಟರಮ್ಮನ ಬಳಿ ಹೋದೆವು. ದೊಡ್ಡ ಸೂಜಿ ಚುಚ್ಚುತ್ತಾರೆಂದು ನಾನು ಕಾದರೆ ಅವರು ಉಚ್ಚೆ ಪರೀಕ್ಷೆ ಮಾಡಿಸಿ, ದೋಷವಿಲ್ಲವೆಂದು ಹೇಳಿ, ಮಗಳ ಹೊಟ್ಟೆ ಒತ್ತಿ ನೋಡಿದರು.

"ದಿನಾ ಹೊರಕಡಿಗೆ ಹೊಕ್ಕಿಯೇನವ್ವಾ?"

"ಇಲ್ರಿ. ಹಿತ್ತಲದಾಗ ಹಲ್ಲಿ ಇರ್ತಾವ್ರಿ. ತಡಕೊಂತೀನ್ರಿ."

"ಮನ್ಯಾಗ ಬ್ಯಾರೆ ಸಂಡಾಸ ಇಲ್ಲೇನು?"

"ಐತ್ರಿ. ಅದು ಬೀಗರದ್ರಿ."

ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಡಾಕ್ಟರಮ್ಮ ನನ್ನತ್ತ ತಿರುಗಿದರು. "ಮಲ ಗಟ್ಟಿಯಾಗಿ ಕುಂತು ಉಚ್ಚಿ ಚೀಲ ಒತ್ತಾಕತ್ತೈತ್ರಿ. ಈ ಪುಡಿ ಕೊಡ್ರಿ. ಹಗಲೆಲ್ಲಾ ನೀರು ಕುಡಿಸ್ರಿ, ಮಲಗೂ ಮುಂದಷ್ಟ ಕಡಿಮಿ. ಬೈಬ್ಯಾಡ್ರಿ, ಆಕಿ ಬೇಕಂತ ಮಾಡಂಗಿಲ್ಲ. ಮತ್ತ ಆ ಕೀಲಿ ತಗೀರಿ, ಯಜಮಾನ್ರ."

"ಟೈಲ್ಸ್ ಕೆಡ್ತಾವಲ್ರೀ..."

"ಟೈಲ್ಸ್ ತಿಕ್ಕಿದ್ರ ಹೊಳೀತಾವ. ಕೂಸಿನ ಮಾರಿ ತಿಕ್ಕಿದ್ರ ಹೊಳೀತೈತೇನ್ರಿ?"

ಕೀಲಿ ತೆಗೆದೆ. ಊಟವಾದ ಮೇಲೆ ಮಗಳು ಗುಲಾಬಿ ಕೋಣೆಯಲ್ಲಿ ಪದ ಹಾಡುತ್ತ ಕೂರತೊಡಗಿದಳು. ಹೊರಗೆ ದಲಾಲರು ಹೊಟ್ಟೆ ಹಿಡಿದು ನಿಂತರು. ಒಣ ಹಾಸಿಗೆಗಳು ಹೆಚ್ಚಾದವು. ಪೂರ್ತಿ ನಿಂತಿರಲಿಲ್ಲ, ಅಷ್ಟರಲ್ಲಿ ಸೂಟಿ ಬಂತು. ತಂಗಿ ಫೋನ್ ಮಾಡಿದಾಗ ನಾನು ಏನೋ ನೆವ ಹುಡುಕುತ್ತಿದ್ದೆ. ಮಗಳು ಫೋನ್ ಕಸಿದುಕೊಂಡಳು.

"ಅತ್ತಿ, ನಾ ಇನ್ನೂ ಒಮ್ಮೊಮ್ಮೆ ಹಾಸಿಗಿ ತೋಯಿಸ್ತೀನಿ. ಬರ್ಲ್ಯೋ ಬ್ಯಾಡೋ?"

"ಬಾರವ್ವಾ ನಮ್ಮವ್ವ! ಹಾವೇರ್ಯಾಗ ಬಿಸಲಿಗೇನು ಬರ ಬಂದೈತಿ?"

ಮರುದಿನ ನಾನೇ ಅವಳನ್ನು ಹಾವೇರಿಗೆ ಬಿಟ್ಟುಬಂದೆ.