ಚನ್ನರಾಯಪಟ್ಟಣದ ಹಿತ್ತಿಲಿನಿಂದ ಹಾಸನಕ್ಕೆ ಒಂದು ಮೇಣದ ತುಂಡು

ಬೆಳಗಿನ ಆರೂವರೆಗೆ ಅರಕಲಗೂಡಿನಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆದರೂ ಕಂಡಕ್ಟರು ನನ್ನ ಆಧಾರ್ ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿದ. ನಿದ್ದೆಗೆಟ್ಟ ಮುಖ, ಗುರುತು ಸಿಕ್ಕಿರಲಿಕ್ಕಿಲ್ಲ.

ನನ್ನ ತಮ್ಮ ಲೋಕೇಶ ಹಾಸನದ ಆಸ್ಪತ್ರೆಯಲ್ಲಿ ಜ್ವರದಿಂದ ಮಲಗಿದ್ದ. ಹದಿನೈದು ದಿನದ ಹಿಂದೆ ಚನ್ನರಾಯಪಟ್ಟಣದ ಸೋದರತ್ತೆಯ ಮನೆಯಲ್ಲಿದ್ದಾಗ ಅವನ ಕುತ್ತಿಗೆಯ ಗಂಟೊಂದನ್ನು ಅಲ್ಲೇ ತೆಗೆಸಿದ್ದರು. ಆ ಗಂಟಿನ ಚೂರನ್ನು ಮೇಣದಲ್ಲಿಟ್ಟು ಗಟ್ಟಿ ಮಾಡಿ ಅಲ್ಲಿಯವರು ಅತ್ತೆಯ ಕೈಗೆ ಕೊಟ್ಟಿದ್ದ ತುಂಡು ಈಗ ಹಾಸನದ ಲ್ಯಾಬಿಗೆ ಬೇಕಾಗಿತ್ತು. ಅಲ್ಲಿಯ ಡಾಕ್ಟರಮ್ಮ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಲಿಂಫೋಮಾ ಅನ್ಸತ್ತೆ, ಗಂಟಿನ ಕ್ಯಾನ್ಸರ್. ಯಾವ ಜಾತಿಯದು ಅಂತ ಗೊತ್ತಾಗ್ಬೇಕು. ಎರಡು ಕಣ್ಣಿರೋ ಹಾಗೆ ಕಾಣೋ ದೈತ್ಯ ಜೀವಕೋಶ ಸಿಕ್ಕಿದ್ರೆ ಔಷಧಿಗೆ ಚೆನ್ನಾಗಿ ಬಗ್ಗೋ ಜಾತಿ. ಸಿಗದಿದ್ರೆ ಕಷ್ಟದ್ದೂ ಇರಬಹುದು." ಅಂಥದ್ದೊಂದು ಪ್ರಾಣಿ ನನ್ನ ತಮ್ಮನ ಮೈಯೊಳಗೆ ಇರಲಪ್ಪಾ ಎಂದು ಬೇಡಿಕೊಳ್ಳುತ್ತಾ ಹೊರಟಿದ್ದೆ.

ಹೊಳೆನರಸೀಪುರದಲ್ಲಿ ಎರಡು ಇಡ್ಲಿ ತಿಂದು ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಮಂಜು. ಎದುರಿನಿಂದ ಬರುವ ವಾಹನಗಳ ದೀಪವಷ್ಟೇ ಕಾಣುತ್ತಿತ್ತು. ಒಂಬತ್ತೂವರೆಗೆ ಚನ್ನರಾಯಪಟ್ಟಣದಲ್ಲಿ ಅತ್ತೆಯ ಮನೆ ಮುಟ್ಟಿದೆ.

ತುಂಡು ಕೊಡು ಎಂದರೆ ಅತ್ತೆ ಹಿತ್ತಿಲ ಕಡೆ ಕೈ ತೋರಿಸಿದರು. ಆಮೇಲೆ, "ಮೈಯಿಂದ ಕುಯ್ದಿದ್ನ ಮನೇಲಿ ಮಡಿಕಬಾರ್ದು ಕಣವ್ವ. ಉಪ್ಪು ಆಕಿ ಇತ್ಲಲ್ಲಿ ಊತ್ಬುಟ್ಟೆ" ಎಂದರು.

ನಮ್ಮ ಮನೆತನದಲ್ಲಿ ಹೆರಿಗೆಯಾದ ಮೇಲೆ ಬೀಳುವ ಕಸವನ್ನು ಹೂಳುವುದೂ ಹಾಗೆಯೇ. ಅತ್ತೆ ಅಷ್ಟೇ ಶ್ರದ್ಧೆಯಿಂದ ಹೂತು, ದಿನಾ ಸಂಜೆ ಅಲ್ಲೊಂದು ದೀಪ ಬೇರೆ ಇಡುತ್ತಿದ್ದರಂತೆ. "ಅವತ್ನಿಂದ ನಾಯಿ ಆ ಮೂಲೆಗೆ ಓಯ್ತಾ ಇಲ್ಲ" ಎಂದೂ ಸೇರಿಸಿದರು.

ಗುದ್ದಲಿ ಹಿಡಿದು ದೀಪದ ಸುತ್ತಮುತ್ತ ನಾನೇ ಅಗೆದೆ; ಸರಿಯಾದ ಜಾಗ ಅತ್ತೆಗೂ ನೆನಪಿರಲಿಲ್ಲ. ಮೊದಲ ಗುಂಡಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಉಪ್ಪು ಮಾತ್ರ. ನಾಯಿ ದೂರದಲ್ಲಿ ನಿಂತು ಗುರುಗುಟ್ಟುತ್ತಿತ್ತು. ಮೂರನೆಯ ಗುಂಡಿಯಲ್ಲಿ ಮೇಣ ಅಂಟಿದ್ದ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿತು. ಮೇಣದೊಳಗೆ ಅವರೆಕಾಳಿನಷ್ಟು ಕಂದುಬಣ್ಣದ ಚೂರು, ಅಂಚಿನಲ್ಲಿ ಪೆನ್ಸಿಲ್ಲಿನ ನಂಬರು ಅಳಿಸಿರಲಿಲ್ಲ. ಅತ್ತೆ ಕೈಮುಗಿದರು. ನಾನು ಬೈಯಬೇಕೆಂದಿದ್ದವಳು ಗುಂಡಿಗಳನ್ನು ಮುಚ್ಚತೊಡಗಿದೆ.

ಬಿಸಿಲಿಗೆ ಮೇಣ ಕರಗೀತೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಾಸನದ ಬಸ್ಸು ಹತ್ತಿ ಮಡಿಲಲ್ಲಿಟ್ಟುಕೊಂಡೆ. ಶಾಂತಿಗ್ರಾಮದಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, "ಏನಕ್ಕಾ, ಅಷ್ಟು ಜ್ವಾಪಾನವಾಗಿ ಇಡ್ಕಂಡಿದ್ದೀಯಾ?" ಎಂದು ಕೇಳಿದಳು. "ನನ್ನ ತಮ್ಮ" ಎಂದುಬಿಟ್ಟೆ. ಅವಳು ಎದ್ದು ಹಿಂದಿನ ಸೀಟಿಗೆ ಹೋದಳು.

ಹಾಸನದ ಲ್ಯಾಬಿನಲ್ಲಿ ತುಂಡನ್ನು ಹೊಸದಾಗಿ ಸೀಳಿ ಬಣ್ಣ ಹಾಕುವಷ್ಟರಲ್ಲಿ ಮೂರು ಗಂಟೆ. ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಒಂದು ಕಡೆ ಡಾಕ್ಟರಮ್ಮ, ಇನ್ನೊಂದು ಕಡೆ ನಾನು. ಸಣ್ಣ ಸಣ್ಣ ಚುಕ್ಕೆಗಳ ಜಾತ್ರೆ ಸರಿಯುತ್ತಾ ಹೋಯಿತು. ಆಮೇಲೆ ಡಾಕ್ಟರಮ್ಮ ಗಾಜನ್ನು ಒಂದು ಕಡೆ ನಿಲ್ಲಿಸಿದರು. ಗುಂಪಿನ ನಡುವೆ ದೊಡ್ಡದೊಂದು ಕೂತಿತ್ತು. ಅದರ ಜೋಡಿ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಎರಡು ಜೀವಕೋಶ ಕೂಡಿಕೊಂಡಿದಾವಾ?" ಎಂದೆ.

"ಅಪರಿಚಿತರು ಬಂದು ಸೇರಿದ್ದಲ್ಲಮ್ಮ. ಒಂದೇ ಕೋಶ ಎರಡಾಗೋಕೆ ಹೊರಡತ್ತೆ. ಒಳಗಿನ ಬೀಜ, ಅಂದ್ರೆ ಆ ಕಣ್ಣು, ಎರಡಾಗತ್ತೆ, ಮೈಯೂ ಬೇರೆಯಾಗ್ತಾ ಬರತ್ತೆ. ಆದರೆ ನಡುವಿನ ಒಂದೆಳೆ ಕಡಿಯೋದೇ ಇಲ್ಲ. ಆ ಎಳೆ ಹಿಡ್ಕೊಂಡೇ ಎರಡೂ ವಾಪಸ್ ಒಂದರೊಳಗೊಂದು ಸೇರ್ಕೊಳ್ತವೆ. ಹೀಗೇ ಆಗ್ತಾ ಆಗ್ತಾ ಕೆಲವಕ್ಕೆ ನಾಲ್ಕೈದು ಬೀಜ."

ಅಂಥದ್ದನ್ನು ನೋಡಿ ಸಂತೋಷಪಟ್ಟೆನಲ್ಲ ಎಂದು ನನಗೆ ಹೆದರಿಕೆಯಾಯಿತು. "ಇನ್ನೊಂದು ಪರೀಕ್ಷೆ ಬಾಕಿ ಇದೆ. ಆದರೆ ಔಷಧಿಗೆ ಬಗ್ಗೋ ಜಾತೀನೇ, ನನಗೆ ಅನುಮಾನ ಇಲ್ಲ" ಎಂದರು ಅವರು.

ವಾರ್ಡಿನಲ್ಲಿ ಲೋಕೇಶ ಗೋಡೆಗೆ ಒರಗಿ ಕೂತಿದ್ದ. "ಸಿಕ್ತೇನಕ್ಕಾ?"

"ಸಿಕ್ತು ಕಣೋ."

ಅವನು ಕುತ್ತಿಗೆಯ ಹೊಲಿಗೆ ಮುಟ್ಟಿಕೊಂಡ. "ಒಳಗೆ ಇನ್ನೂ ಅವೆಯಾ, ಅಂತವು?"

"ಅವೆ."

ಅವನು ಕೈ ಕೆಳಗಿಳಿಸಿದ. "ಇರ್ಲಿ ಬುಡು. ಅಕ್ಕಾ, ಒಟ್ಟೆ ಅಸೀತದೆ."

ಎಂಟು ದಿನದಲ್ಲಿ ಅವನು ಊಟ ಕೇಳಿದ್ದು ಅದೇ ಮೊದಲು. ಅರಕಲಗೂಡಿನ ಬಸ್ಸು ಹೋದರೆ ಹೋಗಲಿ ಎಂದು ಅನ್ನ ಸಾರು ತರಲು ಓಡಿದೆ.